‘ಗಾಥಿಕ್’ ಶಬ್ದದ ಅರ್ಥಾಂತರಗಳು

ಶಬ್ದವು ಹುಟ್ಟಿದಾಗ ಯಾವ ಅರ್ಥವಿತ್ತೋ ಅದೇ ಅರ್ಥವು ಕೊನೆಯವರೆಗೂ ಅದಕ್ಕೆ ಅಂಟಿಕೊಂಡಿರಬೇಕೆಂಬ ನಿಯಮವಿಲ್ಲ. ಯೋಗಾರ್ಥಕ್ಕಿಂತ ರೂಢಿಯೇ ಬಲವತ್ತರವೆಂದು ನಮ್ಮ ಶಾಸ್ತ್ರಕಾರರು ಒಪ್ಪಿರುತ್ತಾರೆ. ಕೈಗೆ ಗಾಯವಾಗದಂತೆ ಕುಶವನ್ನು ಕೊಯ್ದು ತರಬಲ್ಲವನು ಕುಶಲ. ಇಂದು ದರ್ಭೆಯನ್ನು ಕಣ್ಣಿನಿಂದ ಕಾಣದವನೂ ಕುಶಲನೆನಿಸಿಕೊಳ್ಳಬಹುದು. ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಕೆಲವು ಶಬ್ದಗಳ ಅರ್ಥ ತಿರುಗುವಾಗ ಅದರ ಹಿಂದೆ ಯಾರದೋ ರಾಗದ್ವೇಷಗಳು ಕೆಲಸಮಾಡಿರುತ್ತವೆ. ‘ದೇವಾನಾಂಪ್ರಿಯ’ ಎಂಬುದು ಅಶೋಕ ಚಕ್ರವರ್ತಿಯ ಬಿರುದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಆ ಬಿರುದಿನ ಜೊತೆಗೇ ಅಶೋಕನೆಂಬ ಹೆಸರೂ ಇದ್ದುದರಿಂದಲ್ಲವೆ, ಬಿರುದು ಯಾರದೆಂಬ ಸಂದೇಹ ಕಳೆದದ್ದು? ಅದೇ ಶಬ್ದಕ್ಕೆ ಸಿದ್ಧಾಂತಕೌಮುದಿಯನ್ನು ಓದಿದ ವಿದ್ಯಾರ್ಥಿಯು ಹೇಳುವ ಅರ್ಥ ಮೂರ್ಖನೆಂದು. ಇದು ಬಿರುದು ಬೈಗುಳಾದ ಕಥೆ. ಬೈಗುಳು ಬಿರುದಾದ ಕಥೆಯೊಂದು ಯೂರೋಪಿನಲ್ಲಿ ನಡೆದಿದೆ. ಆ ಶಬ್ದವೇ ‘ಗಾಥಿಕ್.’

ಇಂದು ಈ ವಿಶೇಷಣವನ್ನು ಧರಿಸಿರುವ ವಸ್ತುಗಳನ್ನು ಒಂದೆಡೆ ನೋಡಿದರೆ ಬುದ್ಧಿಗೆ ದಿಗ್ಭ್ರಮೆಯಾಗುವುದು. ಗಾಥಿಕ್ ಭಾಷೆ, ಗಾಥಿಕ್ ದೇವಾಲಯ, ಗಾಥಿಕ್ ಲಿಪಿ, ಗಾಥಿಕ್ ಕಾದಂಬರಿ, ಗಾಥಿಕ್ ಸಂಗೀತ, ಕಡೆಗೆ ಕಪ್ಪು ಬಟ್ಟೆ ಉಟ್ಟು ಕಣ್ಣಿಗೆ ಕಾಡಿಗೆ ಬಳಿದ ತರುಣರ ವೇಷ. ಇವುಗಳಿಗೆಲ್ಲ ಸಾಮಾನ್ಯವಾದ ಧರ್ಮವೊಂದುಂಟೆ? ಕನ್ನಡದಲ್ಲಿ ವಿಮರ್ಶೆ ಬರೆಯುವವರು ಹಾಳು ಮನೆ ಮತ್ತು ದೆವ್ವ ಬರುವ ಕಥೆಯನ್ನೆಲ್ಲ ‘ಗಾಥಿಕ್’ ಎಂದು ಕರೆದು ಮುಂದೆ ಸಾಗುವ ಪರಿಪಾಠವು ಬೆಳೆಯುತ್ತಿರುವುದರಿಂದ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಮೊದಲು ಆ ಹೆಸರಿನ ಜನರನ್ನೇ ನೋಡಬೇಕು. ಗಾಥರು ಜರ್ಮಾನಿಕ್ ಭಾಷೆಯನ್ನಾಡುತ್ತಿದ್ದ ಜನ. ಇವರು 378ರಲ್ಲಿ ಏಡ್ರಿಯಾನೋಪಲಿನ ಯುದ್ಧದಲ್ಲಿ ರೋಮಿನ ಚಕ್ರವರ್ತಿ ವೇಲೆನ್ಸನನ್ನು ಕೊಂದರು. 410ರಲ್ಲಿ ಅಲಾರಿಕನ ಮುಂದಾಳುತನದಲ್ಲಿ ರೋಮ್ ನಗರವನ್ನೇ ಸೂರೆಮಾಡಿದರು. ಇತಿಹಾಸವು ಇವರ ವಿಷಯದಲ್ಲಿ ಮರೆಯದೆ ಹೇಳುವುದು ಇದೊಂದನ್ನೇ. ಆದರೆ ಇದೇ ಜನರಿಗಾಗಿ ನಾಲ್ಕನೆಯ ಶತಮಾನದಲ್ಲಿ ಉಲ್ಫಿಲನೆಂಬ ಧರ್ಮಾಧ್ಯಕ್ಷನು ಅಕ್ಷರಮಾಲೆಯೊಂದನ್ನು ಕಲ್ಪಿಸಿ ಬೈಬಲನ್ನು ಅವರ ಮಾತಿಗೆ ತಂದನು. ರಾಜರ ಯುದ್ಧಗಳನ್ನು ಹೇಳುವ ಭಾಗವನ್ನು ಮಾತ್ರ ಅವನು ಬಿಟ್ಟನೆಂದೂ, ಮೊದಲೇ ಕಾದಾಟದ ಹುಚ್ಚಿದ್ದ ಜನಕ್ಕೆ ಅದು ಬೇಡವೆಂಬುದೇ ಕಾರಣವೆಂದೂ ಪ್ರಾಚೀನ ಚರಿತ್ರಕಾರನೊಬ್ಬನು ಹೇಳಿರುತ್ತಾನೆ. ಆ ಭಾಷಾಂತರದ ಒಂದು ಪ್ರತಿ, ನೇರಿಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿ ಬಂಗಾರದ ಮಸಿಯಲ್ಲಿ ಬರೆದದ್ದು, ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿದೆ. ಅಲ್ಲಿ 187 ಹಾಳೆಗಳು ಉಳಿದಿವೆ. 493ರಿಂದ 526ರವರೆಗೆ ಇಟಲಿಯನ್ನಾಳಿದ ಗಾಥ ದೊರೆ ಥಿಯೊಡೊರಿಕನಂತೂ ರೋಮಿನ ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿಸಲು ಆಜ್ಞೆಗಳನ್ನು ಹೊರಡಿಸಿದನು. ರವೆನ್ನದಲ್ಲಿರುವ ಅವನ ಸಮಾಧಿಯ ಕಮಾನುಗಳೂ ದುಂಡಗಿವೆ. ಮೊನಚಾದ ಕಮಾನು ಒಂದೂ ಅಲ್ಲಿಲ್ಲ. 711ರಲ್ಲಿ ಸ್ಪೆಯಿನಿನ ಗಾಥ ರಾಜ್ಯವೂ ಮುರಿದುಬಿತ್ತು. ಅಲ್ಲಿಗೆ ರಾಜ್ಯಶಕ್ತಿಯಾಗಿ ಗಾಥರ ಕಥೆ ಮುಗಿಯಿತು.

ನಾವು ಈಗ ಗಾಥಿಕ್ ಎನ್ನುವ ಕಟ್ಟಡದ ರೀತಿ ಹುಟ್ಟಿದ್ದು ಅದಾದ ನಾಲ್ಕು ಶತಮಾನಗಳ ಮೇಲೆ, ಗಾಥರ ನಾಡಿನಲ್ಲಲ್ಲ, ಪ್ಯಾರಿಸಿನ ಬಳಿಯಲ್ಲಿ. ಸೇಂಟ್ ಡೆನಿಸ್ ಮಠದ ಅಧಿಪತಿ ಸುಜೆ ಎಂಬವನು ತನ್ನ ದೇವಾಲಯದ ಗರ್ಭಭಾಗವನ್ನು ಹೊಸದಾಗಿ ಕಟ್ಟಿಸಿ 1144ರಲ್ಲಿ ಪ್ರತಿಷ್ಠೆ ನಡೆಸಿದನು. ಮೊನಚು ಕಮಾನು, ಛಾವಣಿಯನ್ನು ಪಕ್ಕೆಲುಬುಗಳಂತೆ ಹಿಡಿದಿರುವ ಕಲ್ಲಿನ ಏಣುಗಳು, ಗೋಡೆಯ ಹೊರಗಿನಿಂದ ಒತ್ತಿಕೊಟ್ಟ ಆಸರೆಗಳು, ಇವು ಕೂಡಿದಾಗ ಛಾವಣಿಯ ಭಾರವು ಗೋಡೆಯುದ್ದಕ್ಕೂ ಬೀಳದೆ ಗೊತ್ತಾದ ಕೆಲವು ಕಂಬಗಳಿಗೆ ಇಳಿಯುತ್ತದೆ. ಭಾರವಿಲ್ಲದ ಗೋಡೆಗೆ ಕೆಲಸವೇನು? ಅದನ್ನು ತೆಗೆದು ಬಣ್ಣದ ಗಾಜನ್ನು ತುಂಬಿದರು. ಇಂದು ‘ಗಾಥಿಕ್’ ಎಂದೊಡನೆ ಕತ್ತಲೆ ನೆನಪಾಗುವುದಷ್ಟೆ; ಈ ರೀತಿಯ ಮೊದಲ ಕಟ್ಟಡವನ್ನು ಕಟ್ಟಿಸಿದವನ ಆಸೆ ಬೆಳಕನ್ನು ಒಳಗೆ ತರುವುದಾಗಿತ್ತು! ಆಸೆ ಅಳತೆ ಮೀರಿದ್ದೂ ಉಂಟು. ಬೋವೆಯಲ್ಲಿ 48 ಮೀಟರು ಎತ್ತರಕ್ಕೆ ಎತ್ತಿದ ಛಾವಣಿ 1284ರಲ್ಲಿ ಕುಸಿದುಬಿತ್ತು. ಆ ಕಾಲದವರು ಇದನ್ನು ಗಾಥರ ಕೆಲಸವೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹದಿಮೂರನೆಯ ಶತಮಾನದ ಜರ್ಮನ್ ಬರಹಗಾರನೊಬ್ಬನು ಇದನ್ನು ಫ್ರೆಂಚ್ ಕೆಲಸವೆಂದೇ ಲ್ಯಾಟಿನಿನಲ್ಲಿ ಕರೆದಿದ್ದಾನೆ.

ಹೆಸರನ್ನು ಅಂಟಿಸಿದವರು ಇಟಲಿಯ ಪಂಡಿತರು. ಹದಿನೈದನೆಯ ಶತಮಾನದಲ್ಲಿ ಲೊರೆಂಜೊ ವಾಲಾ ಎಂಬ ವಿದ್ವಾಂಸನು ಮಧ್ಯಯುಗದ ಓಲೆಗಳ ಬರವಣಿಗೆಯನ್ನು ಗಾಥಿಕ್ ಎಂದು ಹೀಗಳೆದನು. 1550ರಲ್ಲಿ ಚಿತ್ರಕಾರರ ಚರಿತ್ರೆಗಳನ್ನು ಪ್ರಕಟಿಸಿದ ಜಾರ್ಜೊ ವಾಸಾರಿಯು ಮೊನಚು ಕಮಾನಿನ ಕಟ್ಟಡಗಳನ್ನು ಜರ್ಮನ್ ರೀತಿಯೆಂದೂ, ಪ್ರಾಚೀನ ಕಟ್ಟಡಗಳನ್ನು ಹಾಳುಮಾಡಿದ ಗಾಥರೇ ಇದನ್ನು ಕಂಡುಹಿಡಿದರೆಂದೂ ಬರೆದನು. ಇದು ಚರಿತ್ರೆಯಲ್ಲ, ಶಾಪ. ತಮಗೂ ಪ್ರಾಚೀನ ರೋಮಿಗೂ ನಡುವೆ ಬಿದ್ದಿದ್ದ ಸಾವಿರ ವರ್ಷಗಳನ್ನು ತಮ್ಮದಲ್ಲವೆಂದು ತಳ್ಳಿಹಾಕಬೇಕಾಗಿದ್ದ ಜನಕ್ಕೆ ಆ ಕಾಲವನ್ನು ಹೊರಿಸಲು ಒಬ್ಬ ಅಪರಾಧಿ ಬೇಕಾಗಿದ್ದನು. ರೋಮನ್ನು ಸುಲಿದವರ ಹೆಸರು ಸಿದ್ಧವಾಗಿಯೇ ಇತ್ತು. ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಕ್ರಿಸ್ಟಫರ್ ರೆನ್ ಈ ಹೆಸರು ತಪ್ಪೆಂದು ಕಂಡುಕೊಂಡನು. ಆದರೆ ಇದನ್ನು ಅರಬರ ರೀತಿಯೆಂದು ಕರೆಯಬೇಕೆಂದು ಸೂಚಿಸಿ, ಒಬ್ಬ ಪರಕೀಯನ ಜಾಗಕ್ಕೆ ಇನ್ನೊಬ್ಬ ಪರಕೀಯನನ್ನು ತಂದನು. ಮನೆಯಲ್ಲಿ ಹುಟ್ಟಿದ್ದೆಂದು ಒಪ್ಪಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ದೇಶದ ಹೆಸರು ಗುಣದೋಷದ ಹೆಸರಾಗುವುದು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸತಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಶ್ಲೇಷ ಪ್ರಸಾದಾದಿ ಹತ್ತು ಗುಣಗಳನ್ನು ವೈದರ್ಭಮಾರ್ಗದ ಪ್ರಾಣವೆಂದು ಹೇಳಿ, ಗೌಡಮಾರ್ಗದಲ್ಲಿ ಪ್ರಾಯಶಃ ಅವುಗಳ ವಿಪರ್ಯಯ ಕಾಣುವುದೆಂದನು. ಅಂದಿನಿಂದ ಗೌಡಿ ಎಂದರೆ ಆಡಂಬರ, ದೀರ್ಘಸಮಾಸ. ಬಂಗಾಳದ ಕವಿಗಳೆಲ್ಲ ಹಾಗೆ ಬರೆದರೆ? ವಿದರ್ಭದಲ್ಲಿ ಸಮಾಸಪ್ರಿಯನೊಬ್ಬನೂ ಹುಟ್ಟಲಿಲ್ಲವೆ? ಭಾಮಹನು ಈ ಭೇದವನ್ನು ಕುರುಡಾಗಿ ಒಬ್ಬರ ಹಿಂದೆ ಒಬ್ಬರು ಹೋಗುವವರ ಮಾತೆಂದು ತಿರಸ್ಕರಿಸಿದನು. ವಾಮನನು ಆಯಾ ದೇಶಗಳಲ್ಲಿ ಕಂಡುಬಂದುದರಿಂದ ಆ ಹೆಸರು ಬಂತೇ ಹೊರತು ದೇಶದಿಂದ ಕಾವ್ಯಕ್ಕೆ ಆಗುವುದೇನೂ ಇಲ್ಲವೆಂದು ಸಮಾಧಾನ ಹೇಳಿದನು. ಕುಂತಕನು ಮಾತ್ರ ಬೇರಿಗೇ ಕೊಡಲಿಯಿಟ್ಟನು. ದೇಶಭೇದದಿಂದ ರೀತಿಭೇದವಾದರೆ ದೇಶಗಳೆಷ್ಟೋ ರೀತಿಗಳೂ ಅಷ್ಟಾಗಬೇಕು. ಆದುದರಿಂದ ಕವಿಯ ಸ್ವಭಾವವನ್ನು ಹಿಡಿದು ಸುಕುಮಾರ, ವಿಚಿತ್ರ, ಮಧ್ಯಮ ಎಂದು ಹೆಸರಿಡುವುದೇ ಯುಕ್ತವೆಂದನು. ಕನ್ನಡದ ಕವಿರಾಜಮಾರ್ಗವು ಕನ್ನಡ ಕವಿಗಳ ಮಾರ್ಗವನ್ನೇ ದಕ್ಷಿಣ, ಉತ್ತರ ಎಂದು ವಿಭಾಗಿಸುವಲ್ಲಿ ದಂಡಿಯ ಋಣ ಕಾಣುತ್ತದೆ. ಅಲ್ಲಿ ನೆರೆಯ ನಾಡಿನವರ ಹೆಸರನ್ನು ದೋಷಕ್ಕೆ ಅಂಟಿಸದಿರುವುದು ಮೆಚ್ಚತಕ್ಕ ಮಾತು. ಯೂರೋಪಿನ ವಿಮರ್ಶಕರಿಗೆ ಒಬ್ಬ ಕುಂತಕನು ಬೇಕಾದ ಕಾಲಕ್ಕೆ ದೊರಕಲಿಲ್ಲ.

ದೊರಕದಿದ್ದುದರಿಂದ ಬೈಗುಳನ್ನು ಕಿತ್ತುಹಾಕುವ ಬದಲು ಅದನ್ನೇ ಹಾರವಾಗಿ ಕೊರಳಿಗೆ ಹಾಕಿಕೊಂಡರು. 1772ರಲ್ಲಿ ತರುಣ ಗಯಟೆಯು ಸ್ಟ್ರಾಸ್‌ಬರ್ಗಿನ ದೇವಾಲಯವನ್ನು ಕಂಡು ಪರವಶನಾಗಿ, ಇದು ಜರ್ಮನರ ಶಿಲ್ಪವೆಂದು ಸಾರಿದನು. ವಾಸಾರಿಯ ಸುಳ್ಳನ್ನು ಅವನು ಅಲ್ಲಗಳೆಯಲಿಲ್ಲ; ಹೌದು, ನಮ್ಮದೇ ಎಂದು ಎದೆ ತಟ್ಟಿಕೊಂಡನು. 1248ರಲ್ಲಿ ಆರಂಭವಾಗಿ ಅರ್ಧದಲ್ಲಿ ನಿಂತುಹೋಗಿದ್ದ ಕಲೋನಿನ ದೇವಾಲಯವನ್ನು 1842ರಲ್ಲಿ ಮತ್ತೆ ಎತ್ತಿಕೊಂಡು ಜರ್ಮನ್ ರಾಷ್ಟ್ರದ ಗೌರವವೆಂದು ಭಾವಿಸಿ 1880ರಲ್ಲಿ ಮುಗಿಸಿದರು. ಅಷ್ಟರಲ್ಲಿ ಈ ರೀತಿ ಫ್ರಾನ್ಸಿನಲ್ಲಿ ಹುಟ್ಟಿದ್ದೆಂದೂ, ಕಲೋನಿನ ಕಟ್ಟಡಕ್ಕೆ ಮೇಲ್ಪಂಕ್ತಿ ಅಮಿಯೆನ್ಸಿನ ದೇವಾಲಯವೆಂದೂ ಸ್ವತಃ ಜರ್ಮನ್ ವಿದ್ವಾಂಸರೇ ತೋರಿಸಿದ್ದರು. ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳನ್ನು ನೋಡಿದವರು ಇದು ಕಲೋನಿನ ಛಾಯೆಯೆಂದು ಹೇಳುವುದುಂಟು. ಪ್ಯಾರಿಸಿನ ಬಳಿಯಿಂದ ಮೈಸೂರಿನವರೆಗಿನ ಈ ದೀರ್ಘ ಪರಂಪರೆಯಲ್ಲಿ ಗಾಥನೊಬ್ಬನೂ ಉಳಿ ಹಿಡಿದಿಲ್ಲ.

ಇಂಗ್ಲೆಂಡಿನಲ್ಲಿ 1834ರಲ್ಲಿ ಪಾರ್ಲಿಮೆಂಟ್ ಭವನವು ಸುಟ್ಟುಹೋದಾಗ ಹೊಸ ಭವನವು ಗಾಥಿಕ್ ಅಥವಾ ಎಲಿಜಬೆತಳ ಕಾಲದ ರೀತಿಯಲ್ಲಿಯೇ ಇರಬೇಕೆಂದು ಗೊತ್ತುಮಾಡಿದರು. ತಮ್ಮ ಪ್ರಜಾಸ್ವಾತಂತ್ರ್ಯವು ಗಾಥರ ಸಭೆಗಳಿಂದ ಬಂದದ್ದೆಂದು ಅಲ್ಲಿಯ ಕೆಲವು ಬರಹಗಾರರು ಹಿಂದಿನ ಶತಮಾನಗಳಲ್ಲೇ ವಾದಿಸಿದ್ದರು. ರೋಮಿನ ಶತ್ರು ಈಗ ಪಾರ್ಲಿಮೆಂಟಿನ ಪಿತಾಮಹ! ಆ ಅಭಿರುಚಿಯೇ ಹಡಗೇರಿ ಮುಂಬಯಿಗೆ ಬಂದು, ವಿಕ್ಟೋರಿಯಾ ಟರ್ಮಿನಸ್ ಎಂಬ ರೈಲ್ವೆ ನಿಲ್ದಾಣವಾಗಿ 1888ರಲ್ಲಿ ಪೂರ್ಣವಾಯಿತು. ಅದು ಈಗಿನ ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣ.

ಈ ಪ್ರಶಂಸಕರ ಪೈಕಿ ಗೌರವಾರ್ಹನಾದವನು ಜಾನ್ ರಸ್ಕಿನ್. ‘ವೆನಿಸಿನ ಶಿಲೆಗಳು’ ಎಂಬ ಗ್ರಂಥದ 1853ರ ಸಂಪುಟದಲ್ಲಿ ಗಾಥಿಕ್ ಸ್ವರೂಪವನ್ನು ಕುರಿತು ಅವನು ಬರೆದ ಅಧ್ಯಾಯವೇ ಈ ಶಬ್ದದ ಚರಿತ್ರೆಯಲ್ಲಿ ನಿಜವಾದ ತಿರುವು. ಅವನು ಎಣಿಸಿದ ಆರು ಲಕ್ಷಣಗಳಲ್ಲಿ ಮೊದಲನೆಯದು ಒರಟುತನ. ವೈರಿಗಳು ಹೊರಿಸಿದ ದೋಷವನ್ನೇ ಎತ್ತಿ ಪ್ರಥಮ ಗುಣವಾಗಿ ಕೂರಿಸಿದ ಧೈರ್ಯ ಸಾಮಾನ್ಯವಲ್ಲ. ಅವನ ವಾದವಿದು: ನುಣುಪಾದ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಕೆತ್ತನೆಯನ್ನು ಬಯಸಿದರೆ ಕೆತ್ತುವವನನ್ನು ಯಂತ್ರವನ್ನಾಗಿ ಮಾಡಬೇಕಾಗುತ್ತದೆ. ಗಾಥಿಕ್ ದೇವಾಲಯದ ಕಲ್ಲುಕುಟಿಗನು ತಪ್ಪಿದ್ದಾನೆ, ಏಕೆಂದರೆ ಅವನಿಗೆ ತಾನಾಗಿ ಯೋಚಿಸುವ ಅವಕಾಶವಿತ್ತು. ಒಂದು ಕಂಬದ ಬೋದಿಗೆಯಂತೆ ಇನ್ನೊಂದಿಲ್ಲದಿರುವುದು ಅವನ ಸ್ವಾತಂತ್ರ್ಯಕ್ಕೆ ಸಾಕ್ಷಿ. ಕಟ್ಟಡದ ಅಂದವನ್ನು ಕಟ್ಟಿದವನ ಬಾಳಿನಿಂದ ಅಳೆಯುವ ಈ ಕ್ರಮವು ಕಾರ್ಖಾನೆಗಳ ಇಂಗ್ಲೆಂಡಿನಲ್ಲಿ ಹುಟ್ಟಿತೆಂಬುದನ್ನು ಮರೆಯಬಾರದು. ಮಧ್ಯಯುಗದ ಕೂಲಿಗಾರನು ರಸ್ಕಿನ್ನನು ಭಾವಿಸಿದಷ್ಟು ಸುಖಿಯಾಗಿದ್ದನೆಂದು ಚರಿತ್ರೆ ಒಪ್ಪಲಾರದು. ಅಲ್ಲಿ ರಸ್ಕಿನ್ನನು ಕವಿ. ಆದರೂ ಮಾತಿನ ಬಲ ಕುಂದುವುದಿಲ್ಲ. ವಿಲಿಯಂ ಮಾರಿಸ್ ಆ ಅಧ್ಯಾಯವನ್ನು 1892ರಲ್ಲಿ ತನ್ನ ಮುದ್ರಣಾಲಯದಿಂದ ಬೇರೆ ಪುಸ್ತಕವಾಗಿಯೇ ಅಚ್ಚುಮಾಡಿಸಿದನು. ಇಷ್ಟಾದರೂ ಗ್ರಂಥದ ಫಲವನ್ನು ಕಂಡು ಗ್ರಂಥಕರ್ತನೇ ನೊಂದನು. ಲಂಡನ್ನಿನ ಹೊರವಲಯದಲ್ಲಿ ವೆನಿಸಿನ ಮಾದರಿಯ ಅಗ್ಗದ ಕಂಬಗಳನ್ನಿಟ್ಟ ಹೆಂಡದಂಗಡಿಗಳು ತನ್ನಿಂದಾಗಿ ಎದ್ದುನಿಂತವೆಂದು 1872ರಲ್ಲಿ ಅವನು ಬರೆದುಕೊಂಡಿರುತ್ತಾನೆ.

ಲಿಪಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಆದರೆ ವಿನೋದಕ್ಕೆ ಕೊರತೆಯಿಲ್ಲ. ಗುಟೆನ್‌ಬರ್ಗನು 1455ರ ಸುಮಾರಿಗೆ ಮುದ್ರಿಸಿದ ಬೈಬಲಿನ ದಪ್ಪ, ಕೋನಕೋನವಾದ ಅಕ್ಷರಗಳು ಗಾಥಿಕ್ ಎನಿಸಿಕೊಂಡವು. ಅವುಗಳ ಸಂತತಿಯನ್ನು ಜರ್ಮನರು ತಮ್ಮ ಜನಾಂಗದ ಕುರುಹೆಂದು ಬೀಗಿದರು. ಹಿಟ್ಲರನ ಪಕ್ಷವು ಸಹ ಮೊದಲು ಅದನ್ನು ಮೆರೆಸಿ, 1941ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಅದು ಯೆಹೂದ್ಯರ ಅಕ್ಷರವೆಂದು ಆಜ್ಞೆ ಹೊರಡಿಸಿ ಬಹಿಷ್ಕರಿಸಿತು. ಇತ್ತ ಅಮೆರಿಕದ ಅಚ್ಚುಮೊಳೆ ತಯಾರಕರು ಯಾವ ಅಲಂಕಾರವೂ ಇಲ್ಲದ ಬೋಳು ಅಕ್ಷರಗಳನ್ನು ಗಾಥಿಕ್ ಎಂದು ಕರೆದರು. 1902ರ ‘ಫ್ರಾಂಕ್ಲಿನ್ ಗಾಥಿಕ್’ ಅಂಥದು. ಜಪಾನಿನಲ್ಲಿಯೂ ಈ ಹೆಸರು ಅದೇ ಅರ್ಥದಲ್ಲಿ ನೆಲೆಸಿದೆ. ಹೀಗೆ ಒಂದೇ ಶಬ್ದವು ಅತ್ಯಂತ ಜಟಿಲವಾದ ಅಕ್ಷರಕ್ಕೂ ಅತ್ಯಂತ ಸರಳವಾದ ಅಕ್ಷರಕ್ಕೂ ವಾಚಕವಾಗಿದೆ. ಕೋಶಕಾರರು ಇದನ್ನು ಏನು ಮಾಡಿಯಾರು!

ಇನ್ನು ಸಾಹಿತ್ಯ. 1764ರ ಡಿಸೆಂಬರಿನಲ್ಲಿ ಹೊರೇಸ್ ವಾಲ್ಪೋಲನು ‘ಒಟ್ರಾಂಟೋ ದುರ್ಗ’ವೆಂಬ ಕಥೆಯನ್ನು ತನ್ನ ಹೆಸರು ಹೇಳದೆ, ಹಳೆಯ ಇಟಾಲಿಯನ್ ಗ್ರಂಥದ ಭಾಷಾಂತರವೆಂಬ ನೆವದಲ್ಲಿ ಪ್ರಕಟಿಸಿದನು. ಜನ ಮೆಚ್ಚಿದ ಮೇಲೆ, ಮರುವರ್ಷದ ಎರಡನೆಯ ಮುದ್ರಣದಲ್ಲಿ ತಾನೇ ಕರ್ತನೆಂದು ಒಪ್ಪಿ, ‘ಒಂದು ಗಾಥಿಕ್ ಕಥೆ’ ಎಂದು ಉಪನಾಮವಿಟ್ಟನು. ಅವನ ಬಾಯಲ್ಲಿ ಆ ಮಾತಿಗೆ ಮಧ್ಯಯುಗದ್ದೆಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಭಯವೆಂಬ ಅರ್ಥವು ಕಥೆಯಿಂದ ಶಬ್ದಕ್ಕೆ ಹತ್ತಿತೇ ಹೊರತು ಶಬ್ದದಿಂದ ಕಥೆಗಲ್ಲ.

ಆ ಕಥೆಯನ್ನು ಔಚಿತ್ಯದ ದೃಷ್ಟಿಯಿಂದ ಪರೀಕ್ಷಿಸಿದರೆ ಉತ್ತೀರ್ಣವಾಗಲಾರದು. ಮ್ಯಾನ್‌ಫ್ರೆಡನೆಂಬ ದುರ್ಗಾಧಿಪತಿಯ ಮಗನು ಮದುವೆಯ ದಿನವೇ ಆಕಾಶದಿಂದ ಬಿದ್ದ ಬೃಹದಾಕಾರದ ಶಿರಸ್ತ್ರಾಣದ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗುತ್ತಾನೆ. ಅದ್ಭುತವು ಭಯಾನಕವನ್ನು ಪೋಷಿಸಬೇಕಾದಲ್ಲಿ ಹಾಸ್ಯಕ್ಕೆ ಜಾರುತ್ತದೆ. ಸೇವಕರ ಹರಟೆಯು ಗಂಭೀರ ಸನ್ನಿವೇಶವನ್ನು ಮತ್ತೆ ಮತ್ತೆ ಕೆಡಿಸುತ್ತದೆ. ಆದರೆ ಈ ದುರ್ಬಲ ಕೃತಿಯ ಒಳಗೆ ಒಂದು ಬಲವಾದ ಬೀಜವಿದೆ. ಮ್ಯಾನ್‌ಫ್ರೆಡನ ತಾತನು ತನ್ನ ಒಡೆಯನಿಗೆ ವಿಷವಿಕ್ಕಿ ದುರ್ಗವನ್ನು ಅಪಹರಿಸಿದ್ದನು. ಆ ಪಾಪ ಈಗ ಮೊಮ್ಮಗನ ವಂಶವನ್ನು ನುಂಗುತ್ತಿದೆ. ಗೋಡೆಯ ಮೇಲಿನ ಪೂರ್ವಿಕನ ಚಿತ್ರ ನಿಟ್ಟುಸಿರಿಟ್ಟು ಚೌಕಟ್ಟಿನಿಂದ ಇಳಿದುಬರುವ ಪ್ರಸಂಗವನ್ನು ಓದಿದವರು ನಕ್ಕು ಸುಮ್ಮನಾಗಲಾರರು. ದುರ್ಗದ ನಿಜವಾದ ಒಡೆಯನು ಒಳಗೆ ಹಿಡಿಸಲಾರದಷ್ಟು ಬೆಳೆದಾಗ ಅದು ಅಪಹರಿಸಿದವರ ಕೈತಪ್ಪುವುದೆಂಬ ಭವಿಷ್ಯವಾಣಿಯೂ ಹೀಗೆಯೇ ಅರ್ಥಗರ್ಭಿತ: ಮುಚ್ಚಿಟ್ಟ ಅನ್ಯಾಯವು ಬೆಳೆಬೆಳೆದು ಮನೆಯನ್ನೇ ಸೀಳುತ್ತದೆ. ಗಾಥಿಕ್ ಕಾದಂಬರಿಯ ಸ್ಥಾಯಿ ಇಲ್ಲಿದೆ. ದೆವ್ವ ಅದಕ್ಕೆ ಅಗತ್ಯವಲ್ಲ, ಕತ್ತಲೆಯೂ ಅಗತ್ಯವಲ್ಲ. ತಾನು ವಾಸಮಾಡುತ್ತಿರುವ ಮನೆ ನ್ಯಾಯವಾಗಿ ತನ್ನದಲ್ಲವೆಂಬ ಅಳುಕು ಅಗತ್ಯ. ಮಧ್ಯಯುಗದ ಮಠಗಳನ್ನು ಎಂಟನೆಯ ಹೆನ್ರಿಯ ಕಾಲದಲ್ಲಿ ಕಿತ್ತುಕೊಂಡು ಶ್ರೀಮಂತರು ಮನೆಗಳನ್ನಾಗಿ ಮಾಡಿಕೊಂಡ ದೇಶದಲ್ಲಿ ಈ ಅಳುಕು ಕಥೆಯಾದದ್ದು ಆಕಸ್ಮಿಕವಲ್ಲ.

ಇದನ್ನು ಚೆನ್ನಾಗಿ ಕಂಡವಳು ಗಾಥಿಕ್ ಕಥೆಗಳನ್ನು ಹಾಸ್ಯಮಾಡಿದಳೆಂದು ಹೆಸರಾದ ಜೇನ್ ಆಸ್ಟೆನ್. ಅವಳ ಮರಣಾನಂತರ 1817ರ ಕೊನೆಯಲ್ಲಿ ಹೊರಬಂದ ‘ನಾರ್ತ್ಯಾಂಗರ್ ಅಬಿ’ಯ ಮನೆಯೂ ಹಿಂದೆ ಮಠವೇ. 1794ರಲ್ಲಿ ಪ್ರಕಟವಾದ ಆ್ಯನ್ ರ್ಯಾಡ್‌ಕ್ಲಿಫಳ ‘ಉಡಾಲ್ಫೋ’ ಕಥೆಯನ್ನೋದಿ ತಲೆ ಕೆಡಿಸಿಕೊಂಡ ಕ್ಯಾಥರಿನ್ ಎಂಬ ಹುಡುಗಿ ನಡುರಾತ್ರಿಯಲ್ಲಿ ಹಳೆಯ ಕಪಾಟನ್ನು ಜಾಲಾಡಿ ಕಾಗದದ ಸುರುಳಿಯೊಂದನ್ನು ಪಡೆಯುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅಗಸರ ಲೆಕ್ಕ! ಓದುಗರು ಇಲ್ಲಿ ನಕ್ಕು ಪುಸ್ತಕದ ತಾತ್ಪರ್ಯ ತಿಳಿಯಿತೆಂದುಕೊಳ್ಳುತ್ತಾರೆ. ಆದರೆ ಮುಂದೆ ಆ ಮನೆಯ ಯಜಮಾನನು, ಹುಡುಗಿ ತಾನೆಣಿಸಿದಷ್ಟು ಹಣವಂತಳಲ್ಲವೆಂದು ತಿಳಿದೊಡನೆ, ಅವಳನ್ನು ಜೊತೆಗೊಬ್ಬರೂ ಇಲ್ಲದಂತೆ ದೂರದೂರಿಗೆ ಹೊರಡಿಸಿಬಿಡುತ್ತಾನೆ. ಹುಡುಗಿಯ ಭಯ ತಪ್ಪಾಗಿರಲಿಲ್ಲ. ಭಯಕ್ಕೆ ಅವಳು ಕೊಟ್ಟ ಕಾರಣ ತಪ್ಪಾಗಿತ್ತು. ಆಸ್ಟೆನಳ ಈ ಪುಟಗಳು ವಾಲ್ಪೋಲನ ಸಮಸ್ತ ಶಿರಸ್ತ್ರಾಣಗಳಿಗಿಂತ ಭಾರವಾದವು.

ಈ ಸ್ಥಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಗ್ರಂಥಗಳಿಗೆ ಈ ಹೆಸರನ್ನು ಅಂಟಿಸುವ ಆತುರ ತಾನಾಗಿ ತಗ್ಗುವುದು. ಭವಭೂತಿಯ ಮಾಲತೀಮಾಧವದ ಐದನೆಯ ಅಂಕವನ್ನು ಗಾಥಿಕ್ ಎಂದು ಕರೆಯಲು ಯಾರಿಗಾದರೂ ಆಸೆಯಾಗಬಹುದು. ರಾತ್ರಿ, ಸ್ಮಶಾನ, ಪಿಶಾಚಗಳ ಕೋಲಾಹಲ, ನರಮಾಂಸವನ್ನು ಮಾರುತ್ತ ತಿರುಗುವ ನಾಯಕ, ಚಾಮುಂಡಿಗೆ ಬಲಿಕೊಡಲು ನಾಯಿಕೆಯನ್ನು ಎಳೆತಂದ ಅಘೋರಘಂಟನೆಂಬ ಕಾಪಾಲಿಕ. ಇಂಗ್ಲಿಷ್ ಕಾದಂಬರಿಕಾರನು ಇದಕ್ಕಿಂತ ಹೆಚ್ಚೇನನ್ನು ಕೇಳಿಯಾನು? ಶೃಂಗಾರಕ್ಕೆ ವಿರೋಧಿಯೆಂದು ಎಣಿಸಿದ ಬೀಭತ್ಸವನ್ನು ಅದರ ಮಗ್ಗುಲಲ್ಲೇ ಕೂರಿಸಿ ಗೆದ್ದ ಭವಭೂತಿಯ ಎದೆಗಾರಿಕೆ ಬೇರೆಯೇ ಮಾತು. ಆದರೆ ಆ ನಾಟಕದಲ್ಲಿ ಗತಕಾಲವು ಯಾವ ರೂಪದಲ್ಲಿದೆ ಎಂಬುದನ್ನು ನೋಡಬೇಕು. ನಾಯಕ ನಾಯಿಕೆಯರ ತಂದೆಗಳಾದ ದೇವರಾತ ಭೂರಿವಸುಗಳು ವಿದ್ಯಾರ್ಥಿದೆಸೆಯಲ್ಲಿ ತಮ್ಮ ಮಕ್ಕಳಿಗೆ ವಿವಾಹಮಾಡುವುದಾಗಿ ಮಾತು ಕೊಟ್ಟುಕೊಂಡಿದ್ದರು. ಆ ಮಾತಿಗೆ ಸಾಕ್ಷಿಯಾಗಿದ್ದ ಕಾಮಂದಕಿಯು ನಾಟಕದುದ್ದಕ್ಕೂ ಅದನ್ನು ನಡೆಸಿಕೊಡಲು ಹೆಣಗುತ್ತಾಳೆ. ಹಿರಿಯರ ಗತಕಾಲ ಇಲ್ಲಿ ಒಂದು ಪ್ರತಿಜ್ಞೆ. ಕಿರಿಯರನ್ನು ಕಾಪಾಡುವುದು ಅದೇ. ಒಟ್ರಾಂಟೋದಲ್ಲಿ ಹಿರಿಯರ ಗತಕಾಲ ಒಂದು ಕೊಲೆ. ಕಿರಿಯರನ್ನು ಕೊಲ್ಲುವುದು ಅದೇ. ಸ್ಮಶಾನ ಎರಡು ಕಡೆಯೂ ಇರಬಹುದು, ಕಥೆಯ ಬೆನ್ನೆಲುಬು ಬೇರೆ. ಭವಭೂತಿಯ ಅಂಕಕ್ಕೆ ಗಾಥಿಕ್ ಎಂಬ ಹೆಸರಿಟ್ಟವನು ಪರಿಕರಗಳನ್ನು ಲೆಕ್ಕಹಾಕಿ ರಸವನ್ನು ಕೈಬಿಟ್ಟವನು. ಹಾಗೆಂದು ಇಂಗ್ಲಿಷ್ ಕಥೆಗಳನ್ನು ಕನ್ನಡದಲ್ಲಿ ‘ಭಯಾನಕ ಕಾದಂಬರಿ’ ಎಂದು ಕರೆದರೂ ಸಾಲದು. ಆ ಹೆಸರು ಓದುಗನ ಭಯವನ್ನು ಹೇಳುತ್ತದೆ, ಭಯದ ಹೇತುವನ್ನು ಹೇಳುವುದಿಲ್ಲ. ಶಬ್ದವನ್ನು ಗಾಥಿಕ್ ಎಂದೇ ಉಳಿಸಿಕೊಂಡು, ಬಳಸುವವನು ಯಾವ ಅರ್ಥದಲ್ಲಿ ಬಳಸುತ್ತಿರುವನೆಂದು ಒಂದು ಮಾತಿನಲ್ಲಿ ತಿಳಿಸುವುದು ಮೇಲು.

ಆಮೇಲಿನ ಕಥೆ ತ್ವರಿತವಾದದ್ದು. 1818ರ ‘ಫ್ರಾಂಕನ್‌ಸ್ಟೈನ್’ನಲ್ಲಿ ದುರ್ಗದ ಜಾಗಕ್ಕೆ ವಿಜ್ಞಾನಿಯ ಕೋಣೆ ಬಂತು, 1897ರ ‘ಡ್ರಾಕುಲಾ’ದಲ್ಲಿ ದುರ್ಗವೇ ಲಂಡನ್ನಿಗೆ ಹಡಗು ಹತ್ತಿತು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮಗಿರಿಯ ಪಾಪವನ್ನು ಹೊತ್ತ ಹಳೆಯ ಬಂಗಲೆಗಳನ್ನು ಕುರಿತು ಫಾಕ್ನರ್ ಬರೆದಾಗ ಈ ಪ್ರಕಾರವು ತನಗೆ ತಕ್ಕ ನೆಲವನ್ನು ಎರಡನೆಯ ಸಲ ಕಂಡಿತೆನ್ನಬಹುದು. 1979ರಲ್ಲಿ ಇಂಗ್ಲೆಂಡಿನ ‘ಬೌಹೌಸ್’ ಎಂಬ ಗಾಯಕರ ತಂಡವು, ಚಲಚ್ಚಿತ್ರದಲ್ಲಿ ಡ್ರಾಕುಲಾ ಪಾತ್ರ ವಹಿಸಿದ್ದ ಬೇಲಾ ಲುಗೋಸಿಯನ್ನು ಕುರಿತು ಹಾಡೊಂದನ್ನು ಹೊರತಂದಿತು. ಕಪ್ಪು ಬಟ್ಟೆಯ ತರುಣರ ಸಂಗೀತಕ್ಕೆ ಅದು ಮೊದಲಿನವುಗಳಲ್ಲೊಂದೆಂದು ಎಣಿಸುತ್ತಾರೆ. ತಂಡದ ಹೆಸರು ಬಂದದ್ದು ಯಾವ ಅಲಂಕಾರವನ್ನೂ ಸಹಿಸದ ಆಧುನಿಕ ಶಿಲ್ಪಶಾಲೆಯಿಂದ. ಆ ಶಾಲೆಯು 1919ರಲ್ಲಿ ಹೊರಡಿಸಿದ ಘೋಷಣಾಪತ್ರದ ಮುಖಪುಟದಲ್ಲಿ ಫೈನಿಂಗರನು ಕೆತ್ತಿದ್ದು ಮಾತ್ರ ಗಾಥಿಕ್ ದೇವಾಲಯವನ್ನು!

ಮೊದಲು ಶಪಿಸಿದವರ ಪೈಕಿಯ ವಾಸಾರಿಯ ವಿಷಯ ಒಂದು ಮಾತು ಉಳಿದಿದೆ. ಅವನು ಪೂರ್ವದ ಚಿತ್ರಕಾರರ ರೇಖಾಚಿತ್ರಗಳನ್ನು ಕೂಡಿಹಾಕಿ, ಹಾಳೆಗಳಿಗೆ ಅಂಟಿಸಿ, ಸುತ್ತಲೂ ತಾನೇ ಚೌಕಟ್ಟು ಬರೆದು ಸಂಪುಟ ಮಾಡಿಸುತ್ತಿದ್ದನು. ಅದರಲ್ಲಿಯ ಹಾಳೆಯೊಂದು ಪ್ಯಾರಿಸಿನ ಲಲಿತಕಲಾ ಶಾಲೆಯಲ್ಲಿದೆ. 1930ರಲ್ಲಿ ಪಾನೋಫ್ಸ್ಕಿ ಎಂಬ ವಿದ್ವಾಂಸನು ಅದನ್ನು ಕುರಿತು ವಿಸ್ತಾರವಾಗಿ ಬರೆದನು. ಆ ಹಾಳೆಯ ಚಿತ್ರಗಳು ಹದಿಮೂರನೆಯ ಶತಮಾನದ ಚಿಮಾಬೂಯೆಯವೆಂದು ವಾಸಾರಿ ನಂಬಿದ್ದನು. ಅವುಗಳಿಗೆ ಯಾವ ಚೌಕಟ್ಟು ಉಚಿತವೆಂದು ಯೋಚಿಸಿ, ತಾನು ಅಷ್ಟೊಂದು ಹಳಿದ ಆ ರೀತಿಯಲ್ಲಿಯೇ, ಮೊನಚು ಕಮಾನು ಶಿಖರಗಳ ಸಮೇತ, ತನ್ನ ಲೇಖನಿಯಿಂದ ಎಚ್ಚರಿಕೆಯಾಗಿ ಒಂದು ಗಾಥಿಕ್ ಚೌಕಟ್ಟನ್ನು ಬರೆದಿದ್ದಾನೆ.